ಕಿಟಕಿಯ ಬಿಸಿಲಿಗೆ ಸಿಕ್ಕ ಅಕ್ವೇರಿಯಂ: ಪಾಚಿಯನ್ನು ಹತೋಟಿಗೆ ತರುವ ಕ್ರಮ

ಗಿಡ ಬೆಳೆಸುವ ಅಕ್ವೇರಿಯಂ ಅನ್ನು ಕಿಟಕಿಯ ಬಳಿ ಇಡಬಾರದೆಂದು ಮೀನಿನ ಅಂಗಡಿಯವರೆಲ್ಲ ಹೇಳುತ್ತಾರೆ. ಮಾತು ಸರಿಯಾದದ್ದೇ, ಆದರೆ ಮುಂಬಯಿಯ ಮನೆಗಳಲ್ಲಿ ಪಾಲಿಸಲು ಕಷ್ಟ. ಒಂದು ಗೋಡೆಗೆ ಕಪಾಟು, ಇನ್ನೊಂದಕ್ಕೆ ಟಿವಿ, ಮೂರನೆಯದಕ್ಕೆ ರಾತ್ರಿ ಹಾಸಿಗೆಯಾಗುವ ಸೋಫಾ ಬಂದ ಮೇಲೆ ಗಾಜಿನ ತೊಟ್ಟಿಗೆ ಉಳಿಯುವುದು ಕಿಟಕಿಯ ಮುಂದಿನ ಎರಡಡಿ ಜಾಗ ಮಾತ್ರ. ಡೊಂಬಿವಲಿಯ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ನಮ್ಮ ತೊಟ್ಟಿ ಒಂಬತ್ತು ವರ್ಷಗಳಿಂದ ನೈರುತ್ಯಕ್ಕೆ ಮುಖಮಾಡಿದ ಕಿಟಕಿಗೆ ಬೆನ್ನುಕೊಟ್ಟು ನಿಂತಿದೆ. ಮೊದಲ ಎರಡು ವರ್ಷ ಅದರೊಳಗೆ ಗಿಡಕ್ಕಿಂತ ಪಾಚಿಯೇ ಹೆಚ್ಚಾಗಿತ್ತು.

ಆ ಎರಡು ವರ್ಷ ನಾನು ಮಾಡುತ್ತಿದ್ದ ತಪ್ಪು ಒಂದೇ. ತೊಟ್ಟಿಯ ಮೇಲಿನ ಎಲ್‌ಇಡಿ ದೀಪವನ್ನು ಟೈಮರ್ ಹಾಕಿ ಸರಿಯಾಗಿ ಎಂಟು ಗಂಟೆ ಉರಿಸುತ್ತಿದ್ದೆನೇ ಹೊರತು, ಕಿಟಕಿಯಿಂದ ಪುಕ್ಕಟೆಯಾಗಿ ಬರುತ್ತಿದ್ದ ಬಿಸಿಲನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಔಷಧದ ಮಾತು ಕೊನೆಗೆ ಬರುತ್ತದೆ, ಬಿಸಿಲಿನ ಲೆಕ್ಕ ಮೊದಲಿಗೆ.

ಬಿಸಿಲು ಒಳಗೆ ಮಾಡುವ ಕೆಲಸ

ನಡುಹಗಲಿನ ನೇರ ಬಿಸಿಲಿನ ತೀವ್ರತೆ ಸುಮಾರು 1,00,000 ಲಕ್ಸ್ ಇರುತ್ತದೆ. ಟ್ಯೂಬ್‌ಲೈಟ್ ಹಚ್ಚಿದ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಅದೇ ಹೆಚ್ಚು. ಬೆಳಕು ಏರಿದಂತೆ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್, ನೈಟ್ರೇಟ್, ಫಾಸ್ಫೇಟ್, ಪೊಟ್ಯಾಶಿಯಂ ಎಲ್ಲವೂ ಅದೇ ಪ್ರಮಾಣದಲ್ಲಿ ಬೇಕಾಗುತ್ತವೆ. ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಗೆ ಗಿಡದ ಬೆಳವಣಿಗೆ ನಿಲ್ಲುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 19ನೆಯ ಶತಮಾನದಲ್ಲಿ ಹೊಲದ ಬೆಳೆಗಳ ಬಗ್ಗೆ ಪ್ರಚುರಪಡಿಸಿದ ಈ ನಿಯಮ ನೀರಿನೊಳಗಿನ ಗಿಡಕ್ಕೂ ಹಾಗೆಯೇ ಅನ್ವಯಿಸುತ್ತದೆ. ಗಿಡ ನಿಂತ ಮೇಲೂ ಬೆಳಕು ನಿಲ್ಲುವುದಿಲ್ಲವಲ್ಲ. ತೀರಾ ಅಲ್ಪ ಆಹಾರದಲ್ಲಿಯೇ ಬದುಕಬಲ್ಲ ಪಾಚಿ ಆ ಉಳಿಕೆ ಬೆಳಕನ್ನು ಬಳಸಿಕೊಂಡು ಗಾಜು, ಎಲೆ, ಕಲ್ಲುಗಳನ್ನೆಲ್ಲ ಆವರಿಸುತ್ತದೆ. ಮೀನಿನ ಕಸ ಮತ್ತು ಕೊಳೆತ ಎಲೆಗಳಿಂದ ಹುಟ್ಟುವ ಅಮೋನಿಯಾ ಇದರ ಜೊತೆಗೆ ಸೇರಿದರೆ ಪಾಚಿಗೆ ಹಬ್ಬವೇ ಸರಿ.

ಬಿಸಿಲಿನಿಂದ ನೀರೂ ಕಾಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು ಸುಮಾರು 7.6ಕ್ಕೆ ಇಳಿಯುತ್ತದೆ. ಪಾಚಿ ತುಂಬಿದ ತೊಟ್ಟಿಯಲ್ಲಿ ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ, ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯುವುದು ಸಾಮಾನ್ಯ.

ಮೊದಲ ಹೆಜ್ಜೆ: ಬಿಸಿಲನ್ನು ಗುರುತು ಹಾಕುವುದು

ಇದಕ್ಕೆ ಬೇಕಾದದ್ದು ಒಂದು ಭಾನುವಾರ, ಒಂದು ಪೆನ್ಸಿಲ್ ಮತ್ತು ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪು. ಬೆಳಗ್ಗೆ ಎದ್ದಾಗಿನಿಂದ ಗಂಟೆಗೊಮ್ಮೆ ತೊಟ್ಟಿಯನ್ನು ನೋಡಬೇಕು. ಗಾಜಿನ ಮೇಲೆ ಬಿಸಿಲಿನ ಅಂಚು ಎಲ್ಲಿದೆಯೋ ಅಲ್ಲಿ ಬೆರಳುದ್ದದ ಟೇಪಿನ ತುಂಡನ್ನು ಅಂಟಿಸಿ ಅದರ ಮೇಲೆ ಸಮಯ ಬರೆಯಬೇಕು. ನಮ್ಮ ತೊಟ್ಟಿಯ ಮೇಲೆ ಡಿಸೆಂಬರಿನ ಒಂದು ಭಾನುವಾರ ಒಂದು ಗಂಟೆಯ ಟೇಪು ಹಿಂಬದಿಯ ಗಾಜಿನ ಬಲತುದಿಯಲ್ಲಿತ್ತು. ಮೂರಕ್ಕೆ ಬಿಸಿಲು ಇಡೀ ಹಿಂಬದಿಯನ್ನು ತುಂಬಿ, ಜಲ್ಲಿಯ ಮೇಲೆ ಬಿದ್ದು, ಮುಂದಿನ ಗಾಜಿನಿಂದ ಹೊರಗೆ ಬಂದು ನೆಲದ ಮೇಲೆ ಹಸಿರು ಛಾಯೆಯ ಚೌಕವೊಂದನ್ನು ಬಿಡಿಸಿತ್ತು. ಐದೂಕಾಲಕ್ಕೆ ಎದುರು ಕಟ್ಟಡದ ನೀರಿನ ಟಾಕಿಯ ಹಿಂದೆ ಸೂರ್ಯ ಮರೆಯಾದಾಗ ಲೆಕ್ಕ ಮುಗಿಯಿತು: ನಾಲ್ಕು ಗಂಟೆಗೂ ಮೇಲ್ಪಟ್ಟ ನೇರ ಬಿಸಿಲು. ಅದರ ಮೇಲೆ ನಾನು ದಿನಾ ಎಂಟು ಗಂಟೆ ದೀಪ ಹಚ್ಚುತ್ತಿದ್ದೆ!

ಈ ಗುರುತನ್ನು ವರ್ಷಕ್ಕೆ ಒಮ್ಮೆ ಹಾಕಿದರೆ ಸಾಲದು. ಮುಂಬಯಿ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ದಕ್ಷಿಣಾಯನದ ಕೊನೆಗೆ, ಡಿಸೆಂಬರ್ 21ರ ಸುಮಾರಿಗೆ, ನಡುಹಗಲಿನ ಸೂರ್ಯ ಇಲ್ಲಿ ದಿಗಂತದಿಂದ 47-48 ಡಿಗ್ರಿ ಎತ್ತರದಲ್ಲಿಯೇ ನಿಲ್ಲುತ್ತಾನೆ. ಆಗ ದಕ್ಷಿಣದ ಕಿಟಕಿಯ ಮೇಲಂಚು ನೆಲದಿಂದ ಏಳು ಅಡಿ ಎತ್ತರದಲ್ಲಿದ್ದರೆ ಬಿಸಿಲು ಆರಡಿಗೂ ಹೆಚ್ಚು ಒಳಗೆ ಬರುತ್ತದೆ. ಮೇ ತಿಂಗಳ ಮಧ್ಯದಲ್ಲಿ ಸೂರ್ಯ ನಡುನೆತ್ತಿಯ ಮೇಲೆಯೇ ಇರುತ್ತಾನೆ. ಅಲ್ಲಿಂದ ಜುಲೈ ಕೊನೆಯವರೆಗೆ ನಡುಹಗಲಿನಲ್ಲಿ ಅವನು ನಮಗಿಂತ ಉತ್ತರಕ್ಕಿರುವುದರಿಂದ ದಕ್ಷಿಣದ ಕಿಟಕಿಗೆ ಆ ಹೊತ್ತಿನ ನೇರ ಬಿಸಿಲು ಸಿಗುವುದೇ ಇಲ್ಲ. ಪಶ್ಚಿಮದ ಕಿಟಕಿಗೆ ವರ್ಷವಿಡೀ ಇಳಿಬಿಸಿಲು ತಪ್ಪಿದ್ದಲ್ಲ, ಆದರೆ ಸೂರ್ಯ ಮುಳುಗುವ ಜಾಗ ಪಶ್ಚಿಮದಿಂದ ಇತ್ತ 25 ಡಿಗ್ರಿ, ಅತ್ತ 25 ಡಿಗ್ರಿ ಸರಿದಾಡುತ್ತಿರುತ್ತದೆ. ಆದ್ದರಿಂದಲೇ ‘ಬೇಸಿಗೆಯಲ್ಲಿ ಚೆನ್ನಾಗಿದ್ದ ತೊಟ್ಟಿ ಚಳಿಗಾಲದಲ್ಲಿ ಏಕೆ ಹಸಿರಾಯಿತು’ ಎಂದು ದಕ್ಷಿಣದ ಕಿಟಕಿಯವರು ಕೇಳುತ್ತಾರೆ. ಮಳೆಗಾಲ ಮುಗಿದ ಕೂಡಲೇ ಬರುವ ಅಕ್ಟೋಬರ್ ಬಿಸಿಲು ಇನ್ನೊಂದು ಅಪಾಯದ ಸಮಯ. ನಾಲ್ಕು ತಿಂಗಳ ಮೋಡಕ್ಕೆ ಹೊಂದಿಕೊಂಡಿದ್ದ ಗಿಡಗಳ ಮೇಲೆ ಅದು ಒಮ್ಮೆಗೇ ಬೀಳುತ್ತದೆ. ನಾನು ಅಕ್ಟೋಬರ್, ಡಿಸೆಂಬರ್, ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ಒಂದೊಂದು ಸಲ ಗುರುತು ಹಾಕಿ, ಗೋಡೆಯ ಕ್ಯಾಲೆಂಡರಿನ ಅದೇ ದಿನದ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿಯೇ, ಗಂಟೆಗಳನ್ನು ಬರೆದಿಡುತ್ತೇನೆ.

ಎರಡನೆಯ ಹೆಜ್ಜೆ: ಬಿಸಿಲನ್ನು ತಡೆದು, ಉಳಿದದ್ದನ್ನು ದೀಪದಿಂದ ಕಳೆಯುವುದು

ತೊಟ್ಟಿಯನ್ನು ಎರಡಡಿ ಪಕ್ಕಕ್ಕೆ ಸರಿಸಿದರೆ ಬಿಸಿಲು ತಪ್ಪುವುದಾದರೆ ಅದೇ ಉತ್ತಮ. ಆದರೆ ನೀರಿರುವ ತೊಟ್ಟಿಯನ್ನು ಎಂದಿಗೂ ಎಳೆಯಬಾರದು. ಎರಡಡಿ ತೊಟ್ಟಿಯ ಅಳತೆಯೇ ಸುಮಾರು 56 ಲೀಟರ್. ಜಲ್ಲಿ ಮತ್ತು ಗಾಜು ಸೇರಿದರೆ ತೂಕ 70 ಕಿಲೋ ದಾಟುತ್ತದೆ, ಮತ್ತು ಸ್ವಲ್ಪ ತಿರುಚಿದರೂ ಗಾಜಿನ ಕೀಲುಗಳು ಬಿಡುತ್ತವೆ.

ಸರಿಸಲಾಗದವರು ಕಿಟಕಿಯ ಕಡೆಗಿರುವ ಗಾಜಿಗೆ ಹೊರಗಿನಿಂದ ಅರ್ಧ ಇಂಚಿನ ಥರ್ಮೋಕೋಲ್ ಹಾಳೆಯನ್ನೂ, ಅದರ ಮತ್ತು ಗಾಜಿನ ನಡುವೆ ಕಪ್ಪು ಡ್ರಾಯಿಂಗ್ ಕಾಗದವನ್ನೂ ಇಡಬೇಕು. ಕಪ್ಪು ಕಾಗದ ಬೆಳಕನ್ನು ತಡೆಯುತ್ತದೆ, ಥರ್ಮೋಕೋಲ್ ಶಾಖವನ್ನು ತಡೆಯುತ್ತದೆ. ಬರೀ ಕಪ್ಪು ಕಾಗದವಾದರೆ ಅದೇ ಕಾದು ನೀರನ್ನು ಬಿಸಿಮಾಡುತ್ತದೆ. ಮೇಲಿನಿಂದ ಓರೆಯಾಗಿ ಬೀಳುವ ಬಿಸಿಲಿಗೆ ಇದು ಸಾಲದಿದ್ದರೆ ಕಿಟಕಿಯ ಗ್ರಿಲ್ಲಿಗೆ ನರ್ಸರಿಯಲ್ಲಿ ಸಿಗುವ ಶೇ. 50ರ ಹಸಿರು ನೆರಳು ಬಲೆಯನ್ನು ಕಟ್ಟಬಹುದು. ನೆರಳನ್ನು ಕಿಟಕಿಯ ಗಾಜಿನ ಹೊರಗೆ ಕಟ್ಟುವುದೇ ಮೇಲು, ಏಕೆಂದರೆ ಒಳಗಿನ ಪರದೆಯನ್ನು ತಲುಪುವ ಹೊತ್ತಿಗೆ ಶಾಖ ಆಗಲೇ ಮನೆಯೊಳಗೆ ಬಂದಿರುತ್ತದೆ. ಬಲೆ ಕಟ್ಟಿದ ಮೇಲೆ ಬಟ್ಟೆ ಒಣಗುವುದಿಲ್ಲವೆಂಬ ತಕರಾರು ಮನೆಯಲ್ಲಿ ಬರುತ್ತದೆ. ನಮ್ಮಲ್ಲಿ ಅದು ಅರ್ಧ ಕಿಟಕಿಗೆ ಬಲೆ, ಅರ್ಧಕ್ಕೆ ಬಟ್ಟೆಯೆಂಬ ಒಪ್ಪಂದದಲ್ಲಿ ಮುಗಿದಿದೆ.

ಇಷ್ಟಾದ ಮೇಲೆ ಉಳಿಯುವ ಬಿಸಿಲನ್ನು ದೀಪದ ಗಂಟೆಗಳಿಂದ ಕಳೆಯಬೇಕು. ಒಂದು ಗಂಟೆಯ ನೇರ ಬಿಸಿಲಿಗೆ ಎರಡು ಗಂಟೆಯ ದೀಪ ಎಂಬುದು ನನ್ನ ಅಂದಾಜು. ಇದು ವಿಜ್ಞಾನದ ಸೂತ್ರವಲ್ಲ, ನನ್ನ ತೊಟ್ಟಿಯಲ್ಲಿ ನಡೆದು ಬಂದ ಲೆಕ್ಕ. ಒಟ್ಟು ಎಂಟು ಗಂಟೆ ಮೀರಬಾರದು, ಪಾಚಿ ಇರುವಾಗ ಆರು ಸಾಕು. ಅಂದರೆ ದಿನಕ್ಕೆ ಒಂದು ಗಂಟೆ ಬಿಸಿಲು ಬೀಳುವ ತೊಟ್ಟಿಗೆ ಪಾಚಿ ಹಿಡಿದಿರುವಾಗ ನಾಲ್ಕು ಗಂಟೆಯ ದೀಪ ಮಾತ್ರ. ಆ ನಾಲ್ಕು ಗಂಟೆಯನ್ನು ಬಿಸಿಲಿನ ಹೊತ್ತಿಗೇ ಸೇರಿಸಬಾರದು. ಸಂಜೆ ಆರರಿಂದ ಹತ್ತರವರೆಗೆ ಹಚ್ಚಿದರೆ ನಡುವೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತೆ ಕೂಡಿಕೊಳ್ಳುತ್ತದೆ, ಲೋಕಲ್ ರೈಲು ಇಳಿದು ಮನೆಗೆ ಬಂದವರಿಗೆ ಮೀನು ನೋಡಲೂ ಸಿಗುತ್ತದೆ.

ಮೂರನೆಯ ಹೆಜ್ಜೆ: ಯಾವ ಪಾಚಿ ಎಂದು ತಿಳಿಯುವುದು

ಬಿಸಿಲಿನ ತೊಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಹಸಿರು ನೀರು. ಒಂಟಿಕೋಶದ ಪಾಚಿ ನೀರಿನಲ್ಲಿಯೇ ತೇಲುವುದರಿಂದ ತೊಟ್ಟಿ ಬಸಳೆ ಸೊಪ್ಪನ್ನು ಬೇಯಿಸಿದ ನೀರಿನಂತೆ ಆಗುತ್ತದೆ, ಮತ್ತು ಎಷ್ಟು ನೀರು ಬದಲಿಸಿದರೂ ಎರಡು ದಿನದಲ್ಲಿ ಮತ್ತೆ ಹಾಗೆಯೇ ಆಗುತ್ತದೆ. ಎರಡನೆಯದು ಕೂದಲಿನಂತೆ ಅಥವಾ ಹತ್ತಿಯ ಎಳೆಯಂತೆ ಗಿಡಗಳಿಗೆ ಸುತ್ತಿಕೊಳ್ಳುವ ನೂಲು ಪಾಚಿ. ಗಾಜಿನ ಮೇಲೆ ಉಗುರಿನಿಂದ ಕೆರೆದರೂ ಏಳದ ಗಟ್ಟಿಯಾದ ಹಸಿರು ಚುಕ್ಕೆಗಳು ಮೂರನೆಯ ಬಗೆ. ಬೆಳಕು ಹೆಚ್ಚಾಗಿ ಫಾಸ್ಫೇಟ್ ಕಡಿಮೆಯಾದಾಗ ಇವು ಬರುತ್ತವೆ, ಅನೂಬಿಯಸ್‌ನಂಥ ನಿಧಾನವಾಗಿ ಬೆಳೆಯುವ ಗಿಡದ ಎಲೆಗಳ ಮೇಲೂ ಕೂರುತ್ತವೆ. ಎಲೆಯ ಅಂಚಿಗೆ ಮತ್ತು ಫಿಲ್ಟರಿನ ಬಾಯಿಗೆ ಕಪ್ಪು ಕುಚ್ಚಿನಂತೆ ಅಂಟುವ ಗಡ್ಡ ಪಾಚಿ ವಾಸ್ತವದಲ್ಲಿ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ಇಂಗಾಲದ ಡೈಆಕ್ಸೈಡ್ ಪ್ರಮಾಣ ದಿನದಿನಕ್ಕೆ ಏರಿಳಿಯುವ ತೊಟ್ಟಿ ಅದಕ್ಕೆ ಇಷ್ಟ. ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ಕಾಣುವ ಕಂದು ಧೂಳು ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳದ್ದು. ಅದನ್ನು ಒರೆಸುತ್ತಿದ್ದರೆ ತಾನಾಗಿಯೇ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ನೀಲಿ-ಹಸಿರು ಪಾಚಿ. ಹೆಸರು ಪಾಚಿಯಾದರೂ ಇದು ಸಯನೋಬ್ಯಾಕ್ಟೀರಿಯಾ. ಕಾದ ಹಾಲಿನ ಮೇಲಿನ ಕೆನೆಯಂತೆ ಒಂದೇ ಪದರವಾಗಿ ಎದ್ದು ಬರುತ್ತದೆ, ಕೈಗೆ ಲೋಳೆಯಾಗಿ ಹತ್ತುತ್ತದೆ, ಹಳೆಯ ಕೆರೆಯ ಕೆಸರಿನ ವಾಸನೆ ಬರುತ್ತದೆ. ಬಿಸಿಲು ಬೀಳುವ ಕಡೆ ಜಲ್ಲಿ ಮತ್ತು ಗಾಜಿನ ನಡುವಿನ ಸಂದಿಯಲ್ಲಿಯೇ ಇದು ಮೊದಲು ಹುಟ್ಟುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆ ಸಂದಿಗೆ ಬೆಳಕು ಬೇಕಾಗಿಯೇ ಇಲ್ಲ. ತೊಟ್ಟಿಯ ಸುತ್ತ ಹೊರಗಿನಿಂದ ಜಲ್ಲಿಯ ಎತ್ತರದವರೆಗೆ ಕಪ್ಪು ಇನ್ಸುಲೇಷನ್ ಟೇಪನ್ನು ಸುತ್ತಿಬಿಟ್ಟರೆ ಅಲ್ಲಿ ಅದರ ಕಾಟ ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆ: ಕೈಯಿಂದ ತೆಗೆಯುವುದು

ಬೆಳಕು ಕಡಿಮೆಯಾದ ಮಾತ್ರಕ್ಕೆ ಇರುವ ಪಾಚಿ ಮಾಯವಾಗುವುದಿಲ್ಲ, ಅದನ್ನು ಹೊರಗೆ ಹಾಕಲೇಬೇಕು. ನೂಲು ಪಾಚಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶಿಗಿಂತ ಒಳ್ಳೆಯ ಸಾಧನವಿಲ್ಲ. ಬ್ರಶ್ಶನ್ನು ಗಿಡದ ಬುಡಕ್ಕೆ ತೂರಿಸಿ, ದೇವರ ದೀಪಕ್ಕೆ ಬತ್ತಿ ಹೊಸೆಯುವಂತೆ ಬೆರಳುಗಳ ನಡುವೆ ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತ ಹೋದರೆ ಎಳೆಗಳು ಅದಕ್ಕೆ ಸುತ್ತಿಕೊಂಡು ಗುಪ್ಪೆಯಾಗಿ ಬರುತ್ತವೆ. ಎಳೆದರೆ ಮಾತ್ರ ಗಿಡವೇ ಬೇರುಸಹಿತ ಕೈಗೆ ಬರುತ್ತದೆ. ಚುಕ್ಕೆ ಪಾಚಿಗೆ ಬ್ಲೇಡು ಬೇಕು, ತೊಟ್ಟಿ ಅಕ್ರಿಲಿಕ್ಕಿನದಾದರೆ ಗೀರು ಬೀಳದಂತೆ ಹಳೆಯ ಎಟಿಎಂ ಕಾರ್ಡು ಸಾಕು. ಅರ್ಧಕ್ಕಿಂತ ಹೆಚ್ಚು ಪಾಚಿ ಹಿಡಿದ ಎಲೆಯನ್ನು ತೊಳೆಯುತ್ತ ಕೂರದೆ ಕತ್ತರಿಸಿ ಹಾಕುವುದೇ ಜಾಣತನ.

ಗಾಜು ಕೆರೆದ ಮೇಲೆಯೇ ನೀರು ಬದಲಿಸಬೇಕು, ಆಗ ಉದುರಿದ ಪಾಚಿಯೂ ಪೈಪಿನ ಮೂಲಕ ಹೊರಗೆ ಹೋಗುತ್ತದೆ. ಪಾಚಿ ಇರುವ ತನಕ ವಾರಕ್ಕೊಮ್ಮೆ ಅರ್ಧದಷ್ಟು, ಅನಂತರ ಮೂರನೆಯ ಒಂದರಷ್ಟು. ಮುಂಬಯಿ ಮಹಾನಗರಪಾಲಿಕೆಯ ನೀರು ತಾನ್ಸಾ, ಭಾತ್ಸಾ ಮೊದಲಾದ ಏಳು ಜಲಾಶಯಗಳಿಂದ ಬರುವ ಮೃದುವಾದ ನೀರು, ಗಿಡಗಳಿಗೆ ಒಗ್ಗುತ್ತದೆ; ಕ್ಲೋರಿನ್ ಮಾತ್ರ ತೆಗೆಯಬೇಕು. ಬಾಯಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬಹುದು, ಇಲ್ಲವೇ ಅಂಗಡಿಯಲ್ಲಿ ಆಂಟಿಕ್ಲೋರಿನ್ ಹೆಸರಿನಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳನ್ನು ಹಾಕಬಹುದು. ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬಂದ ದಿನ ಬದಲಿಸದಿರುವುದು ಲೇಸು; ಅದು ಎಷ್ಟೋ ವೇಳೆ ಗಡುಸು ನೀರಾಗಿರುತ್ತದೆ.

ಐದನೆಯ ಹೆಜ್ಜೆ: ಬೆಳಕನ್ನು ತಿನ್ನುವ ಗಿಡಗಳನ್ನು ನೆಡುವುದು

ತಡೆಯಲಾಗದ ಬಿಸಿಲನ್ನು ಬೇಗ ಬೆಳೆಯುವ ಗಿಡಗಳಿಗೆ ಒಪ್ಪಿಸಬೇಕು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್, ವಾಟರ್ ವಿಸ್ಟೀರಿಯಾ ಇವು ನಮ್ಮ ಹವೆಗೆ ಹೇಳಿಮಾಡಿಸಿದಂಥವು. ಊರಿನಲ್ಲಿ ಗದ್ದೆಯ ಬದುವಿನಲ್ಲಿ ಹಬ್ಬುವ ನೀರುಬ್ರಾಹ್ಮಿಯನ್ನು ಚೆನ್ನಾಗಿ ತೊಳೆದು ತಂದು ನೆಟ್ಟರೆ ಅದೂ ನೀರಿನೊಳಗೆ ನೆಟ್ಟಗೆ ಬೆಳೆಯುತ್ತದೆ. ಮೇಲೆ ಅಂತರಗಂಗೆಯ ನಾಲ್ಕು ಗಿಡ ಬಿಟ್ಟರೆ ಅದೇ ಕೊಡೆಯಾಗುತ್ತದೆ, ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ಪಡೆಯುವುದರಿಂದ ನೀರಿನ ನೈಟ್ರೇಟನ್ನು ವೇಗವಾಗಿ ಹೀರುತ್ತದೆ. ನೀರಿನ ಮೇಲ್ಮೈಯ ಅರ್ಧ ಮುಚ್ಚಿದ ಮೇಲೆ ಹೆಚ್ಚಾದದ್ದನ್ನು ಕಿತ್ತು ಕುಂಡದ ಗೊಬ್ಬರಕ್ಕೆ ಹಾಕಬೇಕು. ನಾಲೆಗೋ ಕೆರೆಗೋ ಎಸೆಯಲೇಬಾರದು, ಅಲ್ಲಿ ಅದು ನೀರನ್ನೇ ಮುಚ್ಚಿಬಿಡುತ್ತದೆ. ಅಡುಗೆಮನೆಯ ಬಾಟಲಿಯಲ್ಲಿರುವ ಮನಿ ಪ್ಲಾಂಟಿನ ಬೇರನ್ನು ತೊಟ್ಟಿಗೆ ಇಳಿಬಿಟ್ಟರೂ ಇದೇ ಕೆಲಸವಾಗುತ್ತದೆ.

ಪಾಚಿಗೆ ಹೆದರಿ ಗೊಬ್ಬರ ನಿಲ್ಲಿಸುವವರು ಬಹಳ ಮಂದಿ. ಬಿಸಿಲಿನ ತೊಟ್ಟಿಯಲ್ಲಿ ಅದರಿಂದ ಗಿಡವೇ ಮೊದಲು ಸೊರಗುತ್ತದೆ. ಮಹಾರಾಷ್ಟ್ರದ ಯಾವುದೇ ಕೃಷಿ ಅಂಗಡಿಯಲ್ಲಿ ಸಿಗುವ, ನೀರಿನಲ್ಲಿ ಕರಗುವ 13:0:45 ಎಂಬುದು ಪೊಟ್ಯಾಶಿಯಂ ನೈಟ್ರೇಟ್. ಅದರ 1 ಗ್ರಾಂ 50 ಲೀಟರ್ ನೀರಿನಲ್ಲಿ ನೈಟ್ರೇಟನ್ನು ಲೀಟರಿಗೆ ಸುಮಾರು 12 ಮಿಲಿಗ್ರಾಂ ಏರಿಸುತ್ತದೆ. 0:52:34 ಎಂಬುದು ಮೊನೊ ಪೊಟ್ಯಾಶಿಯಂ ಫಾಸ್ಫೇಟ್. ಅದರ 100 ಮಿಲಿಗ್ರಾಂ ಅಷ್ಟೇ ನೀರಿಗೆ ಲೀಟರಿಗೆ ಸುಮಾರು 1.4 ಮಿಲಿಗ್ರಾಂ ಫಾಸ್ಫೇಟ್ ಕೊಡುತ್ತದೆ. 100 ಮಿಲಿಗ್ರಾಂ ತೂಗುವ ತಕ್ಕಡಿ ಮನೆಯಲ್ಲಿರುವುದಿಲ್ಲವಾದ್ದರಿಂದ 5 ಗ್ರಾಂ ಪುಡಿಯನ್ನು 500 ಮಿ.ಲೀ. ನೀರಿನಲ್ಲಿ ಕರಗಿಸಿಟ್ಟುಕೊಂಡು 10 ಮಿ.ಲೀ. ಹಾಕಿದರೆ ಲೆಕ್ಕ ಸರಿಹೋಗುತ್ತದೆ. ವಾರಕ್ಕೊಮ್ಮೆ, ನೀರು ಬದಲಿಸಿದ ಮೇಲೆ ಇಷ್ಟು ಹಾಕಿದರೆ ಹೆಚ್ಚಿನ ತೊಟ್ಟಿಗಳಿಗೆ ಸಾಕು. ಮೀನು ಹೆಚ್ಚಿದ್ದರೆ ಅರ್ಧವೇ ಸಾಕು. ಈ ಡಬ್ಬಿಗಳು ಮಕ್ಕಳ ಕೈಗೆ ಸಿಗಬಾರದು.

ಆರನೆಯ ಹೆಜ್ಜೆ: ಪಾಚಿ ತಿನ್ನುವ ಜೀವಿಗಳು

ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ ‘ಪಾಚಿ ತಿನ್ನುತ್ತದೆ’ ಎಂದು ಮೊದಲು ಕೈಗೆ ಕೊಡುವುದು ಸಕ್ಕರ್ ಮೀನನ್ನು. ಬೆರಳುದ್ದದ ಆ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ, ದೊಡ್ಡದಾದಂತೆ ಗಿಡ ಕಿತ್ತು ಹಾಕುತ್ತದೆ, ತಿನ್ನುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಬೇಡ. ಗಾಜಿನ ಪಾಚಿಗೆ ನೆರೈಟ್ ಬಸವನಹುಳು ಉತ್ತಮ, ಅದರ ಮೊಟ್ಟೆ ಸಿಹಿನೀರಿನಲ್ಲಿ ಮರಿಯಾಗದ ಕಾರಣ ತೊಟ್ಟಿ ತುಂಬಿಹೋಗುವ ಭಯವಿಲ್ಲ. ನೂಲು ಪಾಚಿಗೆ ಅಮಾನೋ ಸಿಗಡಿ ಒಳ್ಳೆಯದು. ಜಪಾನಿನ ತಕಾಶಿ ಅಮಾನೋ ಗಿಡದ ತೊಟ್ಟಿಗಳಲ್ಲಿ ಇದನ್ನು ಬಳಕೆಗೆ ತಂದದ್ದರಿಂದ ಆ ಹೆಸರು. ನೀರು 30 ಡಿಗ್ರಿ ದಾಟುವ ತೊಟ್ಟಿಯಲ್ಲಿ ಸಿಗಡಿ ಬಾಳುವುದು ಕಷ್ಟ.

ಏಳನೆಯ ಹೆಜ್ಜೆ: ಔಷಧ, ಕತ್ತಲೆ, ಯುವಿ

ಮೊದಲ ವರ್ಷ ಹಸಿರು ನೀರಿಗೆ ಅಂಗಡಿಯೊಬ್ಬರು ಕೊಟ್ಟ ನೀಲಿ ದ್ರವವನ್ನು ಮುಚ್ಚಳದ ಲೆಕ್ಕದಲ್ಲಿ ಸುರಿದೆ. ಮರುದಿನ ನೀರು ತಿಳಿಯಾಗಿತ್ತು. ಹದಿನಾಲ್ಕು ಸಿಗಡಿಗಳು ಜಲ್ಲಿಯ ಮೇಲೆ ಬೇಯಿಸಿದಂತೆ ಕೆಂಪಗೆ ಬಿದ್ದಿದ್ದವು. ಅದರಲ್ಲಿದ್ದದ್ದು ತಾಮ್ರ, ಸಿಗಡಿ ಮತ್ತು ಬಸವನಹುಳುಗಳಿಗೆ ಅದು ವಿಷ. ಹತ್ತು ದಿನದಲ್ಲಿ ನೀರು ಮತ್ತೆ ಹಸಿರಾಯಿತು, ಏಕೆಂದರೆ ಬಿಸಿಲು ಅಲ್ಲಿಯೇ ಇತ್ತು.

ಹಸಿರು ನೀರಿಗೆ ಮತ್ತು ನೀಲಿ-ಹಸಿರು ಪಾಚಿಗೆ ಕತ್ತಲೆಯೇ ಮದ್ದು. ಅರ್ಧ ನೀರು ಬದಲಿಸಿ, ಇಡೀ ತೊಟ್ಟಿಗೆ ದಪ್ಪ ಚಾದರ ಹೊದಿಸಿ, ಮೂರರಿಂದ ನಾಲ್ಕು ದಿನ ತೆರೆಯದೆ ಇಡಬೇಕು. ಏರ್ ಪಂಪ್ ಮಾತ್ರ ಹಗಲು ರಾತ್ರಿ ನಡೆಯುತ್ತಿರಲಿ. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಕಡಿಮೆಯಾಗುತ್ತದೆ. ಆಹಾರ ಹಾಕುವುದು ಬೇಡ, ಆರೋಗ್ಯವಾಗಿರುವ ದೊಡ್ಡ ಮೀನುಗಳಿಗೆ ನಾಲ್ಕು ದಿನದ ಉಪವಾಸ ಏನೂ ಅಲ್ಲ. ತೆರೆದ ದಿನ ಮತ್ತೆ ಅರ್ಧ ನೀರು ಬದಲಿಸಬೇಕು. ಇಷ್ಟಕ್ಕೂ ಹೋಗದ ಹಸಿರು ನೀರಿಗೆ ಯುವಿ (ನೇರಳಾತೀತ ಕಿರಣದ) ದೀಪವಿರುವ ಚಿಕ್ಕ ಫಿಲ್ಟರು ಕೆಲವೇ ದಿನಗಳಲ್ಲಿ ಫಲ ಕೊಡುತ್ತದೆ, ಆದರೆ ಎಲೆಗೆ, ಗಾಜಿಗೆ ಅಂಟಿದ ಪಾಚಿಗೆ ಅದರಿಂದ ಉಪಯೋಗವಿಲ್ಲ.

ಗಡ್ಡ ಪಾಚಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು. ಇಲ್ಲಿ ಒಂದು ಎಚ್ಚರ ಬೇಕು: ನಮ್ಮ ಔಷಧದ ಅಂಗಡಿಗಳಲ್ಲಿ ‘20 ವಾಲ್ಯೂಮ್’ ಎಂದು ಬರೆದು ಮಾರುವುದು ಶೇ. 6ರದ್ದು, ಪರದೇಶದ ಸಲಹೆಗಳೆಲ್ಲ ಹೆಚ್ಚಾಗಿ ಶೇ. 3ರ ಲೆಕ್ಕದಲ್ಲಿರುತ್ತವೆ. ಬಾಟಲಿಯ ಚೀಟಿಯನ್ನು ಓದಿ, ಶೇ. 6ರದ್ದಾದರೆ ಸಮಪ್ರಮಾಣ ನೀರು ಬೆರೆಸಬೇಕು. ಹೀಗೆ ತೆಳುಮಾಡಿದ್ದು 10 ಲೀಟರ್ ನೀರಿಗೆ 3 ಮಿ.ಲೀ. ಮೀರಬಾರದು. ಫಿಲ್ಟರ್ ನಿಲ್ಲಿಸಿ, ಕೈಗವಸು ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ಪಾಚಿಯ ಮೇಲೆಯೇ ಬಿಟ್ಟರೆ ಸಣ್ಣ ಗುಳ್ಳೆಗಳು ಏಳುತ್ತವೆ. ಹತ್ತು ನಿಮಿಷ ಬಿಟ್ಟು ಫಿಲ್ಟರ್ ಚಾಲೂ ಮಾಡಬೇಕು. ಕೆಲವು ದಿನಗಳಲ್ಲಿ ಕಪ್ಪು ಕುಚ್ಚು ಕೆಂಪಗಾದರೆ ಸತ್ತಿದೆಯೆಂದು ಅರ್ಥ. ಮಾಸ್ (moss) ಗಿಡ ಮತ್ತು ವ್ಯಾಲಿಸ್ನೇರಿಯಾದ ಮೇಲೆ ಇದನ್ನು ಬಿಡಬಾರದು. ‘ಲಿಕ್ವಿಡ್ ಕಾರ್ಬನ್’ ಎಂದು ಮಾರುವ ಹಲವು ದ್ರವಗಳಲ್ಲಿರುವುದು ಆಸ್ಪತ್ರೆಯ ಉಪಕರಣಗಳನ್ನು ಶುದ್ಧಮಾಡಲು ಬಳಸುವ ಗ್ಲುಟರಾಲ್ಡಿಹೈಡ್. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದನ್ನು ಇಡಲು ನನಗೆ ಮನಸ್ಸು ಬರುವುದಿಲ್ಲ.

ಮೇ ರಜೆಗೆ ಊರಿಗೆ ಹೊರಡುವ ಮುನ್ನ

ಮುಂಬಯಿ ಕನ್ನಡಿಗರ ತೊಟ್ಟಿಗಳು ಹೆಚ್ಚಾಗಿ ಕೆಡುವುದು ಮೇ ತಿಂಗಳಲ್ಲಿ. ಮನೆಮಂದಿಯೆಲ್ಲ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದ ಮೇಲೆ ಮುಚ್ಚಿದ ಮನೆಯಲ್ಲಿ ನಿಜವಾದ ಮತ್ಸ್ಯಗಂಧ ಹುಟ್ಟುತ್ತದೆ. ಹೊರಡುವ ಮೂರು ದಿನ ಮೊದಲು ಗಿಡ ಕತ್ತರಿಸಿ, ಅರ್ಧ ನೀರು ಬದಲಿಸಿ, ಆ ವಾರದ ಗೊಬ್ಬರವನ್ನು ಬಿಡಬೇಕು. ದೀಪವನ್ನು ಐದು ಗಂಟೆಗೆ ಇಳಿಸಿ, ಕಿಟಕಿಗೆ ಬಲೆಯನ್ನು ಎರಡು ಮಡಿಕೆ ಕಟ್ಟಬೇಕು. ಮೀನಿನ ಆಹಾರದ ಡಬ್ಬಿಯನ್ನು ಪಕ್ಕದ ಮನೆಯವರ ಕೈಗೆ ಕೊಡಬಾರದು. ಅವರು ಪ್ರೀತಿಯಿಂದ ದಿನಾ ಮುಷ್ಟಿ ತುಂಬ ಹಾಕುತ್ತಾರೆ, ಅದೆಲ್ಲ ಪಾಚಿಗೆ ಹೋಗುತ್ತದೆ. ಎರಡು ದಿನಕ್ಕೊಂದರಂತೆ ಚಿಟಿಕೆ ಆಹಾರದ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು, ಡಬ್ಬಿಯನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕುವುದು ಒಳ್ಳೆಯದು.

ಮರಳಿ ಬಂದ ದಿನ ಬಲೆಯ ಒಂದು ಮಡಿಕೆಯನ್ನು ಮಾತ್ರ ಬಿಚ್ಚಿ, ನೀರು ಬದಲಿಸಿ, ಇನ್ನೊಂದು ಮಡಿಕೆಯನ್ನು ಜೂನ್ ಎರಡನೆಯ ವಾರದ ಹೊತ್ತಿಗೆ ಮಳೆ ಹಿಡಿದು ಮೋಡ ಕವಿದ ಮೇಲೆ ಬಿಚ್ಚಬೇಕು.